ಹೊಳಿ ಸಂತಿಯ ಪಟ್ಟಿ

ರಾಮದುರ್ಗದ ಆಚೆ, ಮಲಪ್ರಭೆಯ ಆ ದಂಡೆಯ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಮುಂಜಾನೆ ಒಂದು, ಸಂಜೆ ಒಂದು ಗುಳಿಗೆ ನುಂಗಿದರೆ ಎಲ್ಲರಂತೆ ಇರುತ್ತಿದ್ದಳು. ರೊಟ್ಟಿ ಬಡಿಯುತ್ತಿದ್ದಳು, ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಗುಳಿಗೆ ಎರಡು ಮೂರು ದಿನ ತಪ್ಪಿದರೆ ಮೂರ್ಛೆ ಬಂದು ಬೀಳುತ್ತಿದ್ದಳು. ಆ ಗುಳಿಗೆ ಬೈಲಹೊಂಗಲದ ನಮ್ಮ ಅಂಗಡಿಯಿಂದ ಹೋಗುತ್ತಿತ್ತು. ಒಂದು ಮಳೆಗಾಲದಲ್ಲಿ ಅದು ಹೊತ್ತಿಗೆ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂದು ಕೇಳಿದವರಿಗೆ ನಾನು ಹೇಳಿದ್ದು ಒಂದು, ನಡೆದದ್ದು ಇನ್ನೊಂದು. ನಡೆದದ್ದನ್ನು ಈಗ ಬರೆಯುತ್ತೇನೆ.

ನಾನು ಹತ್ತನೆಯ ತರಗತಿ ಪಾಸಾಗಿ ಆ ಔಷಧದ ಹೋಲ್‌ಸೇಲ್ ಅಂಗಡಿ ಸೇರಿದವನು. ಮೊದಲು ಗಂಟು ಕಟ್ಟುವ ಕೆಲಸ, ಆಮೇಲೆ ಚೀಟಿ ಬರೆಯುವ ಕೆಲಸ. ಕಿತ್ತೂರು, ಸವದತ್ತಿ, ಮುರಗೋಡ, ಕಟಕೋಳ, ರಾಮದುರ್ಗದ ಕಡೆಯ ಸಣ್ಣ ಸಣ್ಣ ಔಷಧಿ ಅಂಗಡಿಗಳಿಗೆ ನಮ್ಮಿಂದ ಮಾಲು ಹೋಗುತ್ತಿತ್ತು. ಪ್ರತಿ ಊರಿಗೂ ವಾರದಲ್ಲಿ ಒಂದು ದಿನ. ಗಂಟು ಕಟ್ಟಿ ಬಸ್ಸಿಗೆ ಹಾಕಿದರೆ ಆಯಿತು. ಯಾವ ಊರಿನ ಡಾಕ್ಟರು ಯಾವ ಔಷಧಿ ಬರೆಯುತ್ತಾರೆ, ಯಾವ ಅಂಗಡಿಯವರು ಹೇಳದಿದ್ದರೂ ಏನು ಹಾಕಬೇಕು, ಎಲ್ಲವೂ ನನಗೆ ಬಾಯಿಪಾಠ. ಸಾವ್ಕಾರರು ಹೊಸ ಹುಡುಗರಿಗೆ, “ಪುಸ್ತಕ ನೋಡಬ್ಯಾಡ್ರಿ, ಅವನ್ನ ಕೇಳ್ರಿ” ಎನ್ನುತ್ತಿದ್ದರು. ಅದನ್ನು ಕೇಳಿ ನನಗೆ ಎದೆ ಉಬ್ಬುತ್ತಿತ್ತು.

ತೊಂಬತ್ತರ ದಶಕದ ನಡುವೆ ಅಂಗಡಿಗೆ ಕಂಪ್ಯೂಟರ್ ಬಂತು. ಅದರ ಜೊತೆ ಒಬ್ಬ ಹುಡುಗಿಯೂ ಬಂದಳು. ಧಾರವಾಡದಲ್ಲಿ ಕಂಪ್ಯೂಟರ್ ಕಲಿತವಳು, ಇಪ್ಪತ್ತೆರಡರ ವಯಸ್ಸು, ರಾಮದುರ್ಗದ ಆಚೆಯ ಆ ಹಳ್ಳಿಯವಳು. ಬೈಲಹೊಂಗಲದಲ್ಲಿ ಸೋದರಮಾವನ ಮನೆಯಲ್ಲಿದ್ದು ಕೆಲಸಕ್ಕೆ ಬರುತ್ತಿದ್ದಳು. ನಮ್ಮ ಅಂಗಡಿಯ ವ್ಯವಹಾರಕ್ಕೆ ಬೇಕಾದ ಪ್ರೋಗ್ರಾಮನ್ನು ಆಕೆಯೇ ಬರೆಯಬೇಕಿತ್ತು. ಮೊದಲ ದಿನ ನನ್ನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕುಳಿತು ಹೇಳಿದಳು:

“ಕಾಕಾ, ನಿಮ್ಮ ತಲ್ಯಾಗ ಇರೂದೆಲ್ಲಾ ಇದರಾಗ ತುಂಬಬೇಕ್ರಿ.”

“ತುಂಬಿದ ಮ್ಯಾಲೆ ನನ್ನ ತಲಿ ಏನ್ ಮಾಡೂದು ತಂಗಿ?”

“ಟೊಪಿಗಿ ಇಡಾಕ ಬೇಕಲ್ರಿ.”

ಹೀಗೆ ಶುರುವಾಯಿತು. ನಾನು ಹೇಳುತ್ತಿದ್ದೆ, ಆಕೆ ಬರೆಯುತ್ತಿದ್ದಳು. ಸವದತ್ತಿ ಗುಡ್ಡದ ಹುಣ್ಣಿಮೆಗೆ ಜನ ಸೇರುವ ಮೊದಲು ವಾಂತಿಭೇದಿ ಔಷಧಿ ಎರಡು ಪಟ್ಟು ಕಳಿಸಬೇಕು. ಕಿತ್ತೂರಿನ ಒಂದು ಅಂಗಡಿಗೆ ಗಾಜಿನ ಬಾಟಲಿ ಹಾಕಿದರೆ ಅವರು ತಿರುಗಿ ಕಳಿಸುತ್ತಾರೆ. ಇಂಥ ಒಂದೊಂದು ರೂಢಿಗೂ ಆಕೆ ಪ್ರೋಗ್ರಾಮಿನಲ್ಲಿ ಒಂದೊಂದು ತುಂಡು ಬರೆದಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಪ್ರತಿ ತುಂಡಿನ ನೆತ್ತಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡದ ಒಂದು ಸಾಲು ಬರೆದಿಡುತ್ತಿದ್ದಳು, ಇದು ಯಾತಕ್ಕೆ ಎಂದು. “ಯಾರು ಓದತಾರ ಇದನ್ನ?” ಎಂದು ಕೇಳಿದ್ದೆ. “ಮಷೀನ್ ಓದೂದಿಲ್ರಿ. ಮಂದಿ ಓದತಾರ” ಎಂದಿದ್ದಳು.

ಒಂದು ಆಷಾಢದಲ್ಲಿ ಊರಿಗೆ ಹೋದವಳು ಆರು ದಿನ ತಿರುಗಿ ಬರಲಿಲ್ಲ. ಏಳನೆಯ ದಿನ ಬಂದಾಗ ಮುಖ ಬಾಡಿತ್ತು. ಹೊಳೆ ಬಂದು ಸಣ್ಣ ಸೇತುವೆ ಮುಳುಗಿತ್ತಂತೆ. ಆಕೆಯ ಅಕ್ಕನಿಗೆ ಗುಳಿಗೆ ತೀರಿ ಒಂದೇ ದಿನ ಮೂರು ಸಲ ಮೂರ್ಛೆ ಬಂದಿತ್ತಂತೆ. ಈ ರೋಗ ತಿಳಿದ ಮೇಲೆ ಅಕ್ಕನನ್ನು ಗಂಡನ ಮನೆಯವರು ತವರಿಗೆ ಬಿಟ್ಟು ಹೋಗಿದ್ದರು. ತಂದೆ ಇರಲಿಲ್ಲ. ಮನೆಯಲ್ಲಿ ಅವ್ವ, ಅಕ್ಕ ಇಬ್ಬರೇ.

ನಾನು ಕೇಳಿದೆ, “ಮಳಿಗಾಲಕ್ಕ ನಾಕು ದಿನದ್ದು ಹೆಚ್ಚ ತಂದ ಇಟಗೋಬಾರದೇನು?”

“ನಮ್ಮೂರಾಗ ಎಲ್ಲಾ ತಂದ ಇಡತಾರ್ರಿ ಕಾಕಾ. ಹೊಳಿ ಬರೂಕಿಂತ ಮೊದಲ ಹಿಟ್ಟು, ಉಪ್ಪು, ಕಡ್ಡಿಪೆಟಿಗಿ, ಸೀಮಿಎಣ್ಣಿ. ಹೊಳಿ ಸಂತಿ ಅಂತಾರ ಅದಕ್ಕ. ಗುಳಿಗಿ ಮಾತ್ರ ಯಾರ ತಲಿಗೂ ಬರೂದಿಲ್ಲ. ನಮ್ಮೂರ ಅಂಗಡ್ಯಾಂವ ವಾರದ್ದ ವಾರಕ್ಕ ತರಸತಾನು. ಅಂವಗ ರೊಕ್ಕಾ ಎಲ್ಲಿಂದ ಬರಬೇಕು?”

ಆ ವಾರವೇ ಆಕೆ ಹೊಸದೊಂದು ತುಂಡು ಬರೆಯಲು ಕುಳಿತಳು. ಹೊಳೆ ಆಚೆಯ ಊರುಗಳು ಯಾವುವು, ಅಲ್ಲಿ ತಪ್ಪದೆ ಗುಳಿಗೆ ಬೇಕಾದವರು ಯಾರು ಯಾರು ಎಂದು ನನ್ನನ್ನು ಕೂರಿಸಿಕೊಂಡು ಬರೆಸಿದಳು. ಮೂರ್ಛೆಯವರು, ಸಕ್ಕರೆ ರೋಗದವರು, ದಮ್ಮಿನವರು ಸೇರಿ ಹದಿನಾಲ್ಕು ಜನರಾದರು. ನವಿಲುತೀರ್ಥದ ಆಣೆಕಟ್ಟಿನ ನೀರಿನ ಮಟ್ಟ ಮಳೆಗಾಲದಲ್ಲಿ ದಿನವೂ ಪೇಪರಿನಲ್ಲಿ ಬರುತ್ತಿತ್ತು. ಮುಂಜಾನೆ ಕಂಪ್ಯೂಟರ್ ತೆರೆದ ಕೂಡಲೇ ಅದು, ಇವತ್ತು ನೀರು ಎಷ್ಟು ಅಡಿ ಎಂದು ಕೇಳುತ್ತಿತ್ತು. ನಾನು ಅಂಕಿ ಒತ್ತಬೇಕು. ಆಕೆ ಇಟ್ಟ ಗುರುತನ್ನು ನೀರು ದಾಟಿದರೆ ಪ್ರಿಂಟರು ತಾನಾಗಿ ಕರ್ರ್ ಎಂದು ಆ ಹದಿನಾಲ್ಕು ಜನರ ಪಟ್ಟಿ ಹೊರಗೆ ಹಾಕುತ್ತಿತ್ತು. ಮೂರು ವಾರದ ಗುಳಿಗೆ, ಅವತ್ತೇ ಬಸ್ಸಿಗೆ. ಆಣೆಕಟ್ಟಿನ ಬಾಗಿಲು ತೆರೆಯಲು ಇನ್ನೂ ಎರಡು ಮೂರು ದಿನ ಇರುವಾಗಲೇ ಗಂಟು ಹೊಳೆ ದಾಟಿರುತ್ತಿತ್ತು. ಗಂಟಿನ ಮೇಲೆ ನಾನು ಕೆಂಪು ಶಾಯಿಯಲ್ಲಿ “ಹೊಳಿ” ಎಂದು ಬರೆಯುತ್ತಿದ್ದೆ. ಅದನ್ನು ನೋಡಿದ ಅಂಗಡಿಯವನು ಮನೆ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದ.

ಸಾವ್ಕಾರರು ಬಂದವರಿಗೆಲ್ಲ ಆ ಪಟ್ಟಿ ತೋರಿಸಿದರು. ಪೇಪರನ್ನು ಅದಕ್ಕೆಂದೇ ಅಂಗಡಿಗೆ ಹಾಕಿಸಿದರು. ಮೂರು ಮಳೆಗಾಲ ಅದು ತಪ್ಪದೆ ಕೆಲಸ ಮಾಡಿತು. ಆಮೇಲೆ ಆಕೆಯನ್ನು ಕಿತ್ತೂರಿನ ಒಂದು ಮನೆಗೆ ಮದುವೆ ಮಾಡಿಕೊಟ್ಟರು. ಕೊನೆಯ ದಿನ ಕೀಲಿಮಣೆಯ ಮೇಲೆ ಬಟ್ಟೆ ಹೊದಿಸುತ್ತ ಹೇಳಿದಳು:

“ಕಾಕಾ, ಉಳದದ್ದು ಏನರ ಮಾಡಕೋರಿ. ನೀರಿನ ಅಂಕಿ ಮಾತ್ರ ಬಿಡಬ್ಯಾಡ್ರಿ. ನಮ್ಮವ್ವಗ ಹೇಳಿ ಬಂದೇನಿ, ಕಾಕಾ ಅದಾನ, ನೀ ಗುಳಿಗಿ ಚಿಂತಿ ಬಿಡು ಅಂತ.”

“ನಾ ಇರೂ ತನಾ ಬಿಡೂದಿಲ್ಲ, ಹೋಗವಾ” ಎಂದೆ.

ಬಿಟ್ಟೆ. ಮುಂದಿನ ವರ್ಷ ಮಳೆ ಹಿಂದೆಗೆಯಿತು. ಅದರ ಮರುವರ್ಷವೂ ಹಾಗೆಯೇ. ಆಣೆಕಟ್ಟಿನ ತಳ ಕಾಣಿಸಿತು. ಹೊಳೆಯಲ್ಲಿ ಮಕ್ಕಳು ಚೆಂಡಾಡಿದರು, ಜನ ಪಾತ್ರದಲ್ಲಿ ಸೌತೆ ಬಳ್ಳಿ ಹಬ್ಬಿಸಿದರು. ಮುಂಜಾನೆ ಕಂಪ್ಯೂಟರ್ ನೀರೆಷ್ಟು ಎಂದು ಕೇಳಿದರೆ ನನಗೆ ನಗು ಬರುತ್ತಿತ್ತು. ಮೊದಮೊದಲು ಹಿಂದಿನ ದಿನದ ಅಂಕಿಯನ್ನೇ ಒತ್ತಿದೆ. ಆಮೇಲೆ ಏನನ್ನೂ ಒತ್ತದೆ ಮುಂದಕ್ಕೆ ಹೋದೆ. ಖಾಲಿ ಬಿಟ್ಟರೆ ಅದು ತಕರಾರು ಮಾಡದೆ, ಪಟ್ಟಿಯ ತುಂಡನ್ನು ಓಡಿಸದೆಯೇ ಮುಂದಕ್ಕೆ ಹೋಗುತ್ತಿತ್ತು. ಪೇಪರು ಬರುತ್ತಲೇ ಇತ್ತು. ನಾನು ಸಿನೆಮಾ ಪುಟ ನೋಡಿ ಎದುರಿನ ಕ್ಷೌರದ ಅಂಗಡಿಗೆ ಕೊಡುತ್ತಿದ್ದೆ. ಸಾವ್ಕಾರರು ಒಮ್ಮೆ, “ನೀರಿಂದು ಹಾಕತಿ ಹೌದಲ್ಲೋ?” ಎಂದು ಕೇಳಿದರು. “ದಿನಾ ಹಾಕತೇನ್ರಿ” ಎಂದೆ. ಒಂದು ಸುಳ್ಳು ಅಷ್ಟೇ, ಬಾಯಿಂದ ಸಲೀಸಾಗಿ ಹೊರಟುಹೋಯಿತು. ಅದರಿಂದ ಯಾರಿಗೂ ಏನೂ ಆಗುವಂತಿರಲಿಲ್ಲ. ಹೊಳೆಯಲ್ಲಿ ನೀರೇ ಇರಲಿಲ್ಲವಲ್ಲ.

ಹೀಗೆ ಮೂರು ವರ್ಷ ಕಳೆದವು. ಅಷ್ಟರಲ್ಲಿ ನಮ್ಮ ಪ್ರೋಗ್ರಾಮು ಬಹಳ ಭಾರವಾಗಿತ್ತು. ನಿಂತುಹೋದ ಕಂಪನಿಗಳ ರಿಯಾಯಿತಿ, ಬದಲಾದ ತೆರಿಗೆ, ಮುಚ್ಚಿದ ಅಂಗಡಿಗಳ ಕಟ್ಟಳೆ, ಎಲ್ಲವೂ ಅದರೊಳಗೇ ಬಿದ್ದಿದ್ದವು. ಒಂದು ಬಿಲ್ಲು ಹೊರಬರುವುದರೊಳಗೆ ಚಹಾ ಕುಡಿದು ಬರಬಹುದಿತ್ತು. ಸಾವ್ಕಾರರು ಹೊಸ ಕಂಪ್ಯೂಟರ್ ತರಿಸಿ, ಹಳೆಯ ಪ್ರೋಗ್ರಾಮನ್ನು ಅದಕ್ಕೆ ಹೊಂದಿಸಿ ಕೊಡಲು ಬೆಳಗಾವಿಯಿಂದ ಒಬ್ಬ ಇಂಜಿನಿಯರನ್ನು ಕರೆಸಿದರು. ಮೂವತ್ತರ ಆಸುಪಾಸಿನ ಮನುಷ್ಯ, ಮೆಲುದನಿ. ಬಂದವನು ಮೊದಲು ಕೇಳಿದ್ದು, “ಹೊಸಾ ಮನಿಗೆ ಹೋಗುಮುಂದ ಒಡಕ ಗಡಿಗಿ ಎಲ್ಲಾ ಹೊತಗೊಂಡ ಹೋಗೂದೇನ್ರಿ?” ಸಾವ್ಕಾರರಿಗೆ ಆ ಮಾತು ಹಿಡಿಸಿತು.

ಆತನ ಹತ್ತಿರ ಒಂದು ಸಾಧನವಿತ್ತು. ಅದೂ ಒಂದು ಪ್ರೋಗ್ರಾಮೇ. ನಮ್ಮದರ ಪಕ್ಕದಲ್ಲಿ ಸುಮ್ಮನೆ ಕುಳಿತು, ಯಾವ ತುಂಡು ಓಡುತ್ತದೆ, ಯಾವುದು ಓಡುವುದಿಲ್ಲ ಎಂದು ಗುರುತು ಹಾಕಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ನಾವು ಅದಕ್ಕೆ ಸಾಣಿಗಿ ಎಂದು ಹೆಸರಿಟ್ಟೆವು. ಕಾಳು ಒಂದು ಕಡೆ, ಹೊಟ್ಟು ಒಂದು ಕಡೆ. ಅದು ಕೆಲಸ ಮಾಡುವ ರೀತಿಯನ್ನು ಆತ ನನಗೆ ತಾಳ್ಮೆಯಿಂದ ತಿಳಿಸಿ ಹೇಳಿದ್ದ:

“ಇದು ತಾನಾಗಿ ಏನೂ ಕಡಿಯೂದಿಲ್ರಿ. ಒಂದ ವರ್ಷ ನೋಡತೈತಿ. ವರ್ಷದಾಗ ಒಂದ ಸಲಾನೂ ಓಡಲಾರದ್ದನ್ನ ಪಟ್ಟಿ ಮಾಡತೈತಿ. ಆ ಪಟ್ಟಿಗೆ ನೀವು ಸಹಿ ಮಾಡಿದ್ರ ಮೂಲ್ಯಾಗ ಕುಂದರಸತೈತಿ, ಅಳಸೂದಿಲ್ಲ. ಆರು ತಿಂಗಳ ತಡದು ಇನ್ನೊಮ್ಮಿ ಕೇಳತೈತಿ. ನೀವು ಮತ್ತ ಬ್ಯಾಡ ಅಂದ್ರನ ತಗೀತೈತಿ.”

“ಇಷ್ಟ್ಯಾಕ ಕೇಳೂದು?”

“ಓಡೇತೋ ಇಲ್ಲೋ ಅಷ್ಟ ಇದಕ್ಕ ಗೊತ್ತಾಗೂದು. ಯಾಕ ಬರದಾರ ಅನ್ನೂದು ಗೊತ್ತಾಗೂದಿಲ್ಲ. ಅದು ನಿಮಗ ಗೊತ್ತು.”

ಸಾವ್ಕಾರರು ಅಲ್ಲೇ ಇದ್ದರು. “ಅವಗ ಗೊತ್ತಿಲ್ಲದ್ದು ಈ ಅಂಗಡ್ಯಾಗ ಏನೂ ಇಲ್ಲ. ಅಂವಾ ಸಹಿ ಮಾಡಿದ್ರ ನಾ ಮಾಡಿದಂಗ” ಎಂದರು.

ಒಂದು ದೀಪಾವಳಿಯಿಂದ ಮರು ದೀಪಾವಳಿಯವರೆಗೆ ಸಾಣಿಗಿ ನೋಡಿತು. ಆ ವರ್ಷವೂ ಮಳೆ ಇಲ್ಲ. ಆಮೇಲೆ ಪಟ್ಟಿ ಬಂತು. ತುಂಡಿನ ಹೆಸರು, ಕೊನೆಗೆ ಓಡಿದ್ದು ಯಾವಾಗ, ಅದರ ನೆತ್ತಿಯ ಮೇಲೆ ಬರೆದ ಸಾಲು, ಪಕ್ಕದಲ್ಲಿ ನನ್ನ ಸಹಿಗೆ ಜಾಗ. ಇಂಜಿನಿಯರು ನನ್ನ ಎದುರು ಕುಳಿತು ಒಂದೊಂದಾಗಿ ಓದಿದ. ನಾನು “ಬೇಡ” ಎನ್ನುತ್ತ ಸಹಿ ಮಾಡುತ್ತ ಹೋದೆ. ಹಳೆಯ ತೆರಿಗೆ, ಬೇಡ. ಗಾಜಿನ ಬಾಟಲಿ, ಬೇಡ. ಈಗ ಎಲ್ಲ ಪ್ಲಾಸ್ಟಿಕ್ಕು. ನಿಜವಾಗಿಯೂ ಅವು ಹೊಟ್ಟೇ. ಸಾಣಿಗಿಯ ಕೆಲಸ ಶುದ್ಧವಾಗಿತ್ತು.

ಮೂರನೆಯ ಹಾಳೆಯ ನಡುವೆ ಆತ ನಿಂತ. “ಇದೇನ್ರಿ ಇದು? ನಾಕು ವರ್ಷ ಆತು ಓಡಿಲ್ಲ. ಮ್ಯಾಲೆ ಏನೋ ಬರದಾರ” ಎಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದ.

ಇಂಗ್ಲಿಷ್ ಅಕ್ಷರದಲ್ಲಿ ಆಕೆಯ ಕನ್ನಡ. “ಹೊಳಿ ಸಂತಿ. ಮಳಿ ಇಲ್ಲದಾಗ ಸುಮ್ಮ ಇರತೈತಿ. ತೆಗೀಬ್ಯಾಡ್ರಿ ಕಾಕಾ.”

ನಾನು ಅದನ್ನು ಓದಿದೆ. ಎರಡು ಸಲ ಓದಿದೆ. ಆಕೆ ನನ್ನನ್ನೇ ಕರೆದು ಹೇಳಿದ್ದಳು. ಸ್ಟೂಲಿನ ಮೇಲೆ ಕಾಲು ಮಡಚಿ ಕುಳಿತು ಅದನ್ನು ಒತ್ತುತ್ತಿದ್ದ ಆಕೆ ಕಣ್ಣ ಮುಂದೆ ಬಂದಳು.

ಇರಲಿ ಎಂದು ಒಂದು ಮಾತು ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ ಇಂಜಿನಿಯರು ಮುಂದಿನ ಪ್ರಶ್ನೆ ಕೇಳುತ್ತಾನೆ: ಬೇಕಾಗಿದ್ದರೆ ನಾಲ್ಕು ವರ್ಷ ಇದಕ್ಕೆ ಅಂಕಿ ಯಾಕೆ ಬಂದಿಲ್ಲ? ಆ ಮಾತು ಸಾವ್ಕಾರರ ಕಿವಿಗೆ ಬೀಳುತ್ತದೆ. ಅವರು ಮೂರು ಮಾರು ದೂರದಲ್ಲಿ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ದಿನಾ ಹಾಕುತ್ತೇನೆ ಎಂದು ಅವರಿಗೆ ಹೇಳಿದ ಬಾಯಿ ನನ್ನದು.

“ಹಳೇದು. ಈಗೇನು ಹೊಳಿ ಬರತೈತಿ” ಎಂದೆ.

“ಇಟ್ಟಬಿಡೂನೇನ್ರಿ? ಒಂದ ತುಂಡಿಗೆ ಏನೂ ಭಾರ ಆಗೂದಿಲ್ಲ.”

“ಬ್ಯಾಡ, ತಗೀರಿ” ಎಂದು ಸಹಿ ಮಾಡಿದೆ.

ಆ ತುಂಡು ಆರು ತಿಂಗಳು ಮೂಲೆಯಲ್ಲಿ ಕುಳಿತಿತ್ತು. ಆ ಆರು ತಿಂಗಳು ಚಳಿಗಾಲ, ಬೇಸಿಗೆ. ಹೊಳೆಯ ಪಟ್ಟಿಯನ್ನು ಯಾರು ಕೇಳುತ್ತಾರೆ? ಬಸವ ಜಯಂತಿ ಕಳೆದ ಮೇಲೆ ಎರಡನೆಯ ಸಹಿಗೆ ಹಾಳೆ ಬಂತು. ಈ ಸಲ ಓದಲೇ ಇಲ್ಲ. ಉದ್ದಕ್ಕೂ ಸಹಿ ಎಳೆದೆ. ಇಂಜಿನಿಯರು ಒಂದು ಗುಂಡಿ ಒತ್ತಿದ. ಮರುದಿನದಿಂದ ಬಿಲ್ಲು ಕಣ್ಣು ಮಿಟುಕಿಸುವುದರೊಳಗೆ ಬರತೊಡಗಿತು. ಪಟ್ಟಿಯ ತುಂಡಿನ ಜೊತೆ, ಮುಂಜಾನೆ ನೀರೆಷ್ಟು ಎಂದು ಕೇಳುವುದೂ ನಿಂತಿತು. ಸಾವ್ಕಾರರು ಪೇಡೆ ತರಿಸಿದರು. ನನಗೂ ಸುಳ್ಳೊಂದು ಮುಗಿದುಹೋಯಿತು ಎಂದು ಹಗುರವಾಯಿತು.

ಆ ವರ್ಷವೇ ಮಳೆ ಬಂತು.

ಖಾನಾಪುರದ ಕಡೆ ಹದಿನೈದು ದಿನ ಬಿಡದೆ ಸುರಿಯಿತು. ಒಂದು ಶನಿವಾರ ಎದುರಿನ ಕ್ಷೌರದ ಅಂಗಡಿಯಲ್ಲಿ ಗಡ್ಡಕ್ಕೆ ಕುಳಿತಿದ್ದಾಗ ಪೇಪರಿನಲ್ಲಿ ಅಂಕಿ ಕಂಡೆ. ಆಕೆ ಇಟ್ಟ ಗುರುತು ನನಗೆ ಮರೆತಿರಲಿಲ್ಲ. ನೀರು ಅದನ್ನು ದಾಟಿತ್ತು. ಸೋಪಿನ ನೊರೆ ಮುಖದ ಮೇಲೆ ಇರುವಂತೆಯೇ, ಇವತ್ತು ಪಟ್ಟಿ ಬರಬೇಕಿತ್ತು ಎನ್ನಿಸಿತು. ಕೈಯಿಂದಲೇ ಕಟ್ಟಿ ಕಳಿಸಬಹುದು ಎಂದುಕೊಂಡೆ. ಆದರೆ ಹದಿನಾಲ್ಕು ಜನರಲ್ಲಿ ನನ್ನ ನೆನಪಿಗೆ ಬಂದದ್ದು ಐದು. ಉಳಿದವರೆಲ್ಲ ತೆಗೆಸಿಹಾಕಿದ ಆ ತುಂಡಿನ ಒಳಗಿದ್ದರು. ನನ್ನ ತಲೆಯಲ್ಲಿದ್ದದ್ದನ್ನೆಲ್ಲ ಅದರೊಳಗೆ ತುಂಬಿ ಆಗಿತ್ತು. ಶನಿವಾರ ಮಾಲು ಇಳಿಯುವ ದಿನ, ಕೈ ಬಿಡುವಿರಲಿಲ್ಲ. ಸೋಮವಾರ ನೋಡೋಣ ಎಂದುಕೊಂಡೆ.

ಸೋಮವಾರ ಐದು ಜನರ ಗಂಟು ಕಟ್ಟಿದೆ. ಅಕ್ಕನದನ್ನು ಎಲ್ಲಕ್ಕಿಂತ ಮೇಲೆ ಇಟ್ಟೆ. ಕೆಂಪು ಶಾಯಿಯ ಬಾಟಲಿ ಒಣಗಿತ್ತು. ಹಾಗೆಯೇ ಬಸ್ ಸ್ಟ್ಯಾಂಡಿಗೆ ಒಯ್ದೆ. ಕಂಡಕ್ಟರ್ ಗಂಟು ಮುಟ್ಟಲಿಲ್ಲ.

“ಹೊಳಿ ಸೇತುವಿ ಮ್ಯಾಲೆ ಬಂದೈತ್ರಿ ಕಾಕಾ. ಗಾಡಿ ರಾಮದುರ್ಗದ ತನಾ ಅಷ್ಟ. ಆಚಿಗೆ ಹಕ್ಕಿ ಹೋಗಬೇಕು.”

ನಾನೂ ಅದೇ ಬಸ್ಸು ಹತ್ತಿದೆ. ಸಾವ್ಕಾರರಿಗೆ ಬಸ್ ಸ್ಟ್ಯಾಂಡಿನಿಂದ ಫೋನು ಮಾಡಿ, ಗಂಟು ಮುಟ್ಟಿಸಿ ಬರುತ್ತೇನೆ ಎಂದೆ. ಯಾಕಷ್ಟು ಅವಸರ ಎಂದು ಅವರು ಕೇಳಿದ್ದಕ್ಕೆ, ಮಂದಿ ಗುಳಿಗೆ ಇಲ್ಲದೆ ಒದ್ದಾಡುತ್ತಾರೆ ಎಂದೆ. ಅದು ಸುಳ್ಳಲ್ಲ.

ರಾಮದುರ್ಗದಿಂದ ನಡೆದು ಹೊಳೆಯ ದಂಡೆಗೆ ಹೋದೆ. ಹೊಳೆ ಎಂದರೆ ನಾನು ನಾಲ್ಕು ವರ್ಷದಿಂದ ನೋಡಿದ ಉಸುಕಿನ ಹಾದಿಯಲ್ಲ. ಕೆಂಪು ನೀರು, ಕಣ್ಣಿಗೆ ಆಚೆ ದಂಡೆ ಚಿಕ್ಕದಾಗಿ ಕಾಣುವಷ್ಟು ಅಗಲ. ಮಧ್ಯದಲ್ಲಿ ಬುಡಸಮೇತ ಕಿತ್ತ ಜಾಲಿಯ ಗಿಡ ತಿರುಗುತ್ತ ಹೋಯಿತು. ಆಚೆ ಊರಿನ ಗುಡಿಯ ತುದಿ, ಒಂದು ಬೇವಿನ ಮರ, ನಾಲ್ಕು ಮಾಳಿಗೆ ಕಾಣುತ್ತಿದ್ದವು. ದೋಣಿಯವನಿಗೆ ಕೈ ಮುಗಿದೆ.

“ಗುಳಿಗಿ ಅದಾವೋ ಯಪ್ಪಾ, ಒಂದ ಸಲ ದಾಟಸು.”

“ನನಗೂ ಹೆಂಡರು ಮಕ್ಕಳು ಅದಾರ್ರಿ. ಡ್ಯಾಮಿನ ಬಾಗಲಾ ಮುಚ್ಚಲಿ, ಅಲ್ಲೀತನಕಾ ನೀವು ದೇವರ ಕೈ ಮುಗೀರಿ, ನನ್ನ ಕೈ ಅಲ್ಲ.”

ಸೋಮವಾರ, ಮಂಗಳವಾರ, ಬುಧವಾರ. ಖಾನಾವಳಿಯಲ್ಲಿ ಉಂಡು, ಹಗಲೆಲ್ಲ ದಂಡೆಯ ಮೇಲೆ ಗಂಟನ್ನು ಕಂಕುಳಲ್ಲಿ ಹಿಡಿದು ನಿಲ್ಲುತ್ತಿದ್ದೆ. ಗುಳಿಗೆ ತೊಯ್ಯಬಾರದೆಂದು ನನ್ನ ಧೋತರದ ಚುಂಗನ್ನು ಗಂಟಿಗೆ ಸುತ್ತಿದ್ದೆ. ಬುಧವಾರ ಮಧ್ಯಾಹ್ನ ಆಚೆ ದಂಡೆಯಲ್ಲಿ ಒಂದು ಗುಂಪು ಊರಿಂದ ಹೊರಟು ಎತ್ತರದ ಹೊಲದ ಕಡೆ ನಿಧಾನವಾಗಿ ಹೋಗುವುದು ಕಂಡಿತು. ಯಾರನ್ನೋ ಮಣ್ಣು ಮಾಡಲು ಒಯ್ಯುತ್ತಿದ್ದಾರೆ ಎಂದುಕೊಂಡೆ. ನಿಂತಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದೆ. ಅದು ಅಕ್ಕನ ಮಣ್ಣು ಎಂದು ನನಗೆ ತಿಳಿದದ್ದು ಗುರುವಾರ, ದೋಣಿ ಆಚೆ ದಂಡೆಗೆ ಮುಟ್ಟಿದ ಮೇಲೆ.

ಗುಳಿಗೆ ಭಾನುವಾರ ಸಂಜೆಗೆ ತೀರಿತ್ತಂತೆ. ಅವ್ವ ಚಿಂತೆ ಮಾಡಿರಲಿಲ್ಲ. ಹೊಳೆ ಬರುವ ಮೊದಲು ಬೈಲಹೊಂಗಲದಿಂದ ಕೆಂಪು ಅಕ್ಷರದ ಗಂಟು ಬಂದೇ ಬರುತ್ತದೆ, ಬಂದಿಲ್ಲ ಎಂದರೆ ಹೊಳೆ ಬರುವುದಿಲ್ಲ ಎಂದೇ ಆಕೆ ತಿಳಿದಿದ್ದಳು. ಮಂಗಳವಾರದಿಂದ ಮೂರ್ಛೆ ಒಂದರ ಮೇಲೊಂದು ಬಂದವು. ಬುಧವಾರ ಮುಂಜಾನೆ ಏಳಲಿಲ್ಲ.

ನಾನು ಗಂಟು ಹಿಡಿದು ಬಾಗಿಲಲ್ಲಿ ನಿಂತೆ. ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

“ಇಷ್ಟ ನೀರಾಗ ನಮ್ಮ ಸಲುವಾಗಿ ಬಂದಿಯೇನಪಾ. ನನ್ನ ಮಗಳ ಹಣೇಬಾರ ತೆಳ್ಳಗಿತ್ತು. ನಿಂದೇನ ತಪ್ಪೋ ಯಪ್ಪಾ.”

ನಾನು ಅವತ್ತೇ ಹೇಳಬೇಕಿತ್ತು. ಮಣ್ಣಾದ ಮೂರನೆಯ ದಿನ, ನಾನಿನ್ನೂ ಅಲ್ಲಿದ್ದಾಗಲೇ, ಕಿತ್ತೂರಿನಿಂದ ತಂಗಿ ಬಂದಳು. ಬಂದವಳು ಬಾಗಿ ನನ್ನ ಕಾಲು ಮುಟ್ಟಿದಳು. “ನೀವಾದ್ರೂ ಬಂದ್ರಿ ಕಾಕಾ” ಎಂದಳು. ಅತ್ತು ಮುಗಿದ ಮೇಲೆ ಒಂದೇ ಮಾತು ಕೇಳಿದಳು, “ಪಟ್ಟಿ ಬರಲಿಲ್ಲೇನ್ರಿ?”

“ಹೊಸಾ ಮಷೀನ ಬಂದೈತಿ ತಂಗಿ. ಯಾವುದೋ ಸಾಣಿಗಿ ಅಂತ ಹಚ್ಚಿದ್ರು. ಅದು ಓಡಲಾರದ್ದನ್ನ ಎಲ್ಲಾ ಅಳಿಸಿಬಿಟ್ಟೈತಿ. ನನಗ ಗೊತ್ತಾಗಲೇ ಇಲ್ಲ.”

“ನಾ ಅದರ ಮ್ಯಾಲೆ ಬರದ ಇಟ್ಟಿದ್ನೆಲ್ರಿ. ಅಳಸೂ ಮುಂದ ಅದು ಕಾಣಲಿಲ್ಲೇನು? ಇನ್ನೂ ಎದ್ದ ಕಾಣೂಹಂಗ ಬರೀಬೇಕಿತ್ತು ನಾನು. ನಂದ ತಪ್ಪು” ಎಂದಳು. ಅಲ್ಲ ಎಂದು ನಾನು ಅನ್ನಲಿಲ್ಲ.

ಆ ತುಂಡು ನಾನು ಸಹಿ ಮಾಡಿದ ಪಟ್ಟಿಯಲ್ಲಿ ಇರಲೇ ಇಲ್ಲ ಎಂದು ಸಾವ್ಕಾರರಿಗೂ ಹೇಳಿದೆ. ಅವರು ಇಂಜಿನಿಯರನ್ನು ಕರೆಸಿ ಬೈದರು. ನಾನು ಕಪಾಟಿನ ಹತ್ತಿರ ನಿಂತಿದ್ದೆ. ಆತನ ಚೀಲದಲ್ಲಿ ನನ್ನ ಸಹಿಯ ಹಾಳೆಗಳಿದ್ದವು. ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಮುಗಿಯುತ್ತಿತ್ತು. ಆತ ಒಮ್ಮೆ ನನ್ನ ಕಡೆ ನೋಡಿದ. ನನ್ನ ತಲೆ ನೆಲಕ್ಕಿತ್ತು. “ತಪ್ಪಾಗೇತ್ರಿ” ಎಂದಷ್ಟೇ ಹೇಳಿ ಎದ್ದ. ಆಮೇಲೆ ಹೊರಗೆ, ಚಪ್ಪಲಿ ಮೆಟ್ಟುವಾಗ, ಆ ಮೂರನೆಯ ಹಾಳೆಯನ್ನು ಮಡಚಿ ನನ್ನ ಅಂಗಿಯ ಕಿಸೆಯಲ್ಲಿ ಇಟ್ಟ. “ಇದು ನಿಮ್ಮ ಕಡೆ ಇರಲಿ” ಎಂದ. ಸಾವ್ಕಾರರು ಮತ್ತೆ ಆತನಿಗೆ ಕೆಲಸ ಕೊಡಲಿಲ್ಲ. ಬೇರೆಯವರೂ ಕೊಡದಂತೆ ಊರಲ್ಲೆಲ್ಲ ಹೇಳಿದರು. ಆತ ಈಗ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಹುಡುಕಿದ್ದೇನೆ, ಸಿಕ್ಕಿಲ್ಲ.

ಮರುವರ್ಷದ ಸಂಕ್ರಾಂತಿಗೆ ಬಸ್ಸಿನಲ್ಲಿ ನನಗೊಂದು ಗಂಟು ಬಂತು. ಅವ್ವ ಕಳಿಸಿದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಹೊಳೆ ದಾಟಿ ಬಂದ ಅಣ್ಣನಿಗೆ ಕೊಡು ಎಂದು ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸಿದ್ದಳು. ನಾನು ಕಟ್ಟಿ ಕಳಿಸುತ್ತಿದ್ದ ಹಾಗೆಯೇ ಬಿಗಿಯಾಗಿ ಕಟ್ಟಿದ ಗಂಟು. ಅದನ್ನು ಎಸೆಯಲು ಆಗಲಿಲ್ಲ, ತಿನ್ನಲೂ ಆಗಲಿಲ್ಲ. ಯಾಕೆ ತಿನ್ನುತ್ತಿಲ್ಲ ಎಂದು ಹೆಂಡತಿ ಕೇಳಿದಳು ಎಂದು ತಿಂದೆ. ಅಲ್ಲಿಂದ ಒಂದು ವರ್ಷವೂ ತಪ್ಪಲಿಲ್ಲ. ಸಾವ್ಕಾರರು ತೀರಿಕೊಂಡರು, ನಾನು ಕೆಲಸ ಬಿಟ್ಟೆ, ಗಂಟು ಮಾತ್ರ ಮನೆ ಹುಡುಕಿಕೊಂಡು ಬರುತ್ತಲೇ ಇತ್ತು. ಊರಿನವರ ಬಾಯಲ್ಲೂ ನಾನು ಮೂರು ದಿನ ಹೊಳೆಯ ದಂಡೆಯಲ್ಲಿ ನಿಂತ ಪುಣ್ಯವಂತ. ನಾನು ನಿಂತದ್ದು ನಿಜ. ಅದಕ್ಕೇ ಆ ಸುಳ್ಳು ಇಷ್ಟು ಗಟ್ಟಿಯಾಗಿ ಕುಳಿತದ್ದು.

ಈ ಸಲದ ಗಂಟಿನಲ್ಲಿ ಎರಡೇ ರೊಟ್ಟಿ ಇದ್ದವು. ಅಂಚು ಒಡೆದಿತ್ತು. ಅವ್ವನಿಗೆ ಕೈ ನಡುಗುತ್ತದೆ, ಇನ್ನು ಮುಂದೆ ಬಡಿಯಲು ಆಗುವುದಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದು ಹೇಳಿ ಕಳಿಸಿದ್ದಳು.

ಮರುದಿನ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಕಿತ್ತೂರಿಗೆ ಹೋದೆ. ತಂಗಿ ಅಲ್ಲಿ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಾಳೆ. ಕೂದಲು ನರೆತಿದೆ. ನನ್ನನ್ನು ನೋಡಿ ಹಿಗ್ಗಿದಳು.

“ಬರ್ರಿ ಕಾಕಾ, ಕುಂದರ್ರಿ. ಟೊಪಿಗಿ ಇನ್ನೂ ಅದ ಐತಲ್ರಿ.”

ನಾನು ಕುಳಿತುಕೊಳ್ಳಲಿಲ್ಲ. ಹಾಳೆಯನ್ನು ಕೊಟ್ಟೆ. ಮಡಿಕೆಯಲ್ಲಿ ಸವೆದಿತ್ತು, ಆದರೂ ಅಕ್ಷರಗಳು ಕಾಣುತ್ತಿದ್ದವು. ಆಕೆ ತನ್ನ ಸಾಲನ್ನು ಓದಿದಳು. ಅದರ ಪಕ್ಕದ ನನ್ನ ಸಹಿಯನ್ನು ನೋಡಿದಳು. ಅಂಕಿ ಒತ್ತದೆ ಬಿಟ್ಟದ್ದು, ಎರಡು ಸಹಿ, ಇಂಜಿನಿಯರು ಇಡೋಣವೇ ಎಂದು ಕೇಳಿದ್ದು, ಎಲ್ಲವನ್ನೂ ನಿಂತೇ ಹೇಳಿದೆ. ಆಕೆ ಅಳಲಿಲ್ಲ, ಬೈಯಲಿಲ್ಲ.

“ಇಷ್ಟ ವರ್ಷ ನಾ ನನ್ನ ಕೈನ ಬೈಕೋತ ಬಂದೇನಿ” ಎಂದಳು. ಆಮೇಲೆ, “ಇದನ್ನ ಓದಿದ್ರೇನ್ರಿ ನೀವು? ಸಹಿ ಮಾಡೂ ಮುಂದ?”

“ಗದ್ಲದಾಗ ನೋಡಲಿಲ್ಲವಾ” ಎಂದೆ.

ಆಕೆ ಹಾಳೆಯನ್ನು ತನ್ನ ಪುಸ್ತಕದ ನಡುವೆ ಇಟ್ಟುಕೊಂಡಳು. ತಿರುಗಿ ಕೊಡಲಿಲ್ಲ.

“ಅವ್ವಗ ಹೇಳಬೇಕು. ಹೊಳಿ ತನ್ನ ಮಗಳನ್ನ ಒಯ್ತು ಅಂತ ಇವತ್ತಿಗೂ ಹೊಳಿ ಮಾರಿ ನೋಡೂದಿಲ್ಲ ಆಕಿ. ನೀವು ಎದುರಿಗೆ ನಿಂತ ಹೇಳಾಕ ಹೋದ್ರ ಆಕಿ ನಿಮ್ಮನ್ನ ಹೇಳಾಕ ಬಿಡೂದಿಲ್ಲ. ಉಣ್ಣಾಕ ಕುಂದರಸತಾಳ. ಬರದ ಕೊಡ್ರಿ. ನಾ ಓದಿ ಹೇಳತೇನಿ.” ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದಳು. “ಏನೂ ತೆಗೀಬ್ಯಾಡ್ರಿ.” ಈ ಸಲ ಕಾಕಾ ಎನ್ನಲಿಲ್ಲ.

ಹಾಗಾಗಿ ಬರೆದೆ. ಮೊದಲ ಸಲ ಬರೆದು ಮುಗಿಸಿದಾಗ ಅದರಲ್ಲಿ ಎಲ್ಲವೂ ಇತ್ತು, ಒಂದನ್ನು ಬಿಟ್ಟು. ಕಿತ್ತೂರಿನಲ್ಲಿ ಹೇಳಿದಂತೆಯೇ, ಗದ್ದಲದಲ್ಲಿ ಆ ಸಾಲನ್ನು ನೋಡಲಿಲ್ಲ ಎಂದು ಬರೆದಿದ್ದೆ. ನಾಲ್ಕು ದಿನ ಹಾಳೆಗಳು ಹಾಗೆಯೇ ಇದ್ದವು. ಅಂಚೆಗೆ ಹಾಕಲು ಕಾಲು ಬರಲಿಲ್ಲ. ಐದನೆಯ ದಿನ ಆ ಹಾಳೆ ಹರಿದು ಮತ್ತೆ ಬರೆದೆ. ಅವತ್ತು ಅಂಗಡಿಯಲ್ಲಿ ಗದ್ದಲವಿರಲಿಲ್ಲ. ಸಾವ್ಕಾರರು ಅಡಿಕೆ ಕತ್ತರಿಸುವ ಸದ್ದು ಕೇಳುವಷ್ಟು ಸುಮ್ಮನಿತ್ತು. ನಾನು ಓದಿದ್ದೆ. ಎರಡು ಸಲ ಓದಿದ್ದೆ.

ತಂಗಿ, ಅವ್ವನಿಗೆ ಓದಿ ಹೇಳುವಾಗ ಈ ಮಾತು ಬಂದಲ್ಲಿ ನಿಲ್ಲಬೇಡ. ಆಕೆಗೆ ಈಗ ಕಿವಿ ಮಂದವಾಗಿದೆ ಎಂದು ನೀನೇ ಹೇಳಿದ್ದೆ. ಸ್ವಲ್ಪ ಗಟ್ಟಿಯಾಗಿ ಓದು.